ಬಾಡಿಗೆ ಬೋರ್ಡಿನ ಓಣಿಗಳು

ಶ್ರಾವಣದ ಬೆಳಗು. ರಾತ್ರಿಯಿಡೀ ಹೊಡೆದ ಮಳೆ ಈಗ ಜಿಟಿಜಿಟಿಗೆ ಇಳಿದಿದೆ. ಹಲಸಿಯ ಭೂವರಾಹ ನರಸಿಂಹ ಗುಡಿಯ ಅಂಗಳದಲ್ಲಿ ಹಾಸುಗಲ್ಲುಗಳ ಸಂದಿಗೆ ಹುಲ್ಲು ಎದ್ದಿದೆ. ಶಿಖರದ ಕಪ್ಪುಗಲ್ಲಿನ ಸ್ತರಗಳಿಂದ ನೀರು ಇಳಿದು ಕೆಳಗೆ ಟಪಟಪನೆ ಬೀಳುತ್ತಿದೆ. ಒಳಗೆ ಕಾಲಿಟ್ಟರೆ ಕಣ್ಣು ಕತ್ತಲೆಗೆ ಹೊಂದಲು ಒಂದು ಗಳಿಗೆ ಬೇಕು. ದೀಪದ ಎಣ್ಣೆ, ಬಾಡಿದ ಹೂವು, ಒದ್ದೆ ಕಲ್ಲು ಎಲ್ಲ ಕೂಡಿದ ಹಳೆಯ ಗುಡಿಯ ವಾಸನೆ. ಎದುರುಬದುರಾಗಿ ಎರಡು ಗರ್ಭಗುಡಿಗಳು. ಒಂದರ ಮುಂದೆ ನಿಂತರೆ ಭೂದೇವಿಯನ್ನು ನೀರಿನಿಂದ ಮೇಲೆತ್ತಿದ ವರಾಹಮೂರ್ತಿ, ಅಲ್ಲೇ ಬೆನ್ನು ತಿರುಗಿಸಿದರೆ ಇನ್ನೊಂದು ಗರ್ಭಗುಡಿಯ ಬಾಗಿಲು. ವರಾಹನ ಮುಂದೆ ಕೈಮುಗಿದು ನಿಂತವರು ಊರಿನ ನಿವೃತ್ತ ಮಾಸ್ತರರು. ಮಡಚಿದ ಕೊಡೆ ಕಂಕುಳಲ್ಲಿದೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಬ್ಯಾಂಕಿನ ಪಾಸ್‌ಬುಕ್ಕು ಮತ್ತು ಏಜೆಂಟನೊಬ್ಬ ಬರೆದುಕೊಟ್ಟ ವಿಳಾಸಗಳ ಚೀಟಿ. ನಿವೃತ್ತಿಯ ಹಣ ಕೈಗೆ ಬಂದಿದೆ. ಬೆಳಗಾವಿಯಲ್ಲಿ ಒಂದು ಮನೆ ಕೊಂಡು ಬಾಡಿಗೆಗೆ ಬಿಡಬೇಕೆಂಬುದು ಅವರ ಆಸೆ. ಇವತ್ತು ನೋಡಿಕೊಂಡು ಬರುವ ದಿನ. ನೀವೂ ಬನ್ನಿ, ಬಸ್ಸಿಗೆ ಇನ್ನೂ ಹೊತ್ತಿದೆ.

ಗುಡಿಯಿಂದ ಹೊರಬಿದ್ದರೆ ಊರ ಓಣಿ. ಕೆಂಪು ಮಂಗಳೂರು ಹೆಂಚಿನ ಮಾಡುಗಳು ಮಳೆಗೆ ಕಪ್ಪಗಾಗಿವೆ, ಒಲೆಯ ಹೊಗೆ ಹೆಂಚಿನ ಸಂದಿಯಿಂದ ಸೋಸಿ ಮೇಲೇರುತ್ತಿದೆ. ಕೊಟ್ಟಿಗೆಯಲ್ಲಿ ಎಮ್ಮೆ ಮುಲುಕುತ್ತಿದೆ. ಒಂದು ಕಟ್ಟೆಯ ಮೇಲೆ ಮರಾಠಿ, ಪಕ್ಕದ ಕಟ್ಟೆಯ ಮೇಲೆ ಕನ್ನಡ, ನಡುವೆ ಹಾಲಿನ ಲೆಕ್ಕ ಎರಡರಲ್ಲೂ. ಊರಾಚೆ ನಾಟಿ ಮುಗಿದ ಗದ್ದೆಗಳಲ್ಲಿ ನೀರು ತುಂಬಿ ಮೋಡದ ಬಣ್ಣವಾಗಿದೆ. ಈ ಓಣಿಯಲ್ಲಿ ನಿಧಾನವಾಗಿ ನಡೆದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹತ್ತು ಹೆಜ್ಜೆಗೊಂದು ಬಾಗಿಲಿಗೆ ಕೀಲಿ. ಕೀಲಿಗೆ ತುಕ್ಕು, ಹೊಸ್ತಿಲ ಮೇಲೆ ಪಾಚಿ, ಜಗಲಿಯಲ್ಲಿ ಪಕ್ಕದವರ ಕಟ್ಟಿಗೆ ಹೊರೆ. ಮನೆಯವರು ಬೆಳಗಾವಿಯಲ್ಲೋ ಗೋವೆಯಲ್ಲೋ ಪುಣೆಯಲ್ಲೋ ದುಡಿಯುತ್ತಿದ್ದಾರೆ. ಹಬ್ಬಕ್ಕೆ, ಜಾತ್ರೆಗೆ ಬಂದು ಕಸ ಹೊಡೆದು ದೀಪ ಹಚ್ಚಿ ಹೋಗುತ್ತಾರೆ.

“ಇಷ್ಟ್ ಛಲೋ ಮನಿ, ಭಾಡಿಗಿಗಿ ಕೊಡಬಾರದೇನ್ರೀ?” ಎಂದರೆ ಎದುರು ಕಟ್ಟೆಯ ಅಜ್ಜಿ ಅಕ್ಕಿ ಆರಿಸುವ ಕೈ ನಿಲ್ಲಿಸದೆ ಉತ್ತರ ಕೊಡುತ್ತಾಳೆ: “ಕೊಡೂದೇನ್ ಕೊಡಬೇಕಪಾ, ತಗೊಳ್ಳೂ ಮಂದಿ ಯಾರ್ ಅದಾರ?”

ಇವತ್ತಿಡೀ ನಾವು ನೋಡಲಿರುವುದು ಅಜ್ಜಿ ಕೇಳಿದ ಈ ಪ್ರಶ್ನೆಯನ್ನೇ. ಗೋಡೆ ಗಟ್ಟಿಯಿದ್ದ ಮಾತ್ರಕ್ಕೆ ಬಾಡಿಗೆ ಬರುವುದಿಲ್ಲ, ಆ ಗೋಡೆಯ ನಡುವೆ ತಿಂಗಳಿಗೊಮ್ಮೆ ಪಗಾರ ಎಣಿಸುವವರೊಬ್ಬರು ಇರಬೇಕು. ಅವರಿಗೆ ಆ ಊರಲ್ಲಿ ಕೆಲಸವಿರಬೇಕು, ಆ ಕೆಲಸ ನಾಳೆಯೂ ಇರಬೇಕು.

ಹಲಸಿಗೆ ಒಂದು ಕಾಲಕ್ಕೆ ಅಂಥ ಜನರ ಕೊರತೆ ಇರಲಿಲ್ಲ. ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿ, ಶಾಸನಗಳ ಪಲಾಶಿಕಾ. ಮುಂದೆ ಗೋವೆಯ ಕದಂಬರ ಕಾಲಕ್ಕೆ ಪಲಸಿಗೆ ಹನ್ನೆರಡು ಸಾವಿರ ಎಂಬ ದೊಡ್ಡ ನಾಡಿಗೆ ಈ ಊರಿನದೇ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಸಿಕ್ಕ ತಾಮ್ರಪಟಗಳನ್ನು ಶಾಸನತಜ್ಞ ಫ್ಲೀಟ್ ಓದಿ ಪ್ರಕಟಿಸಿದ. ಅವುಗಳಲ್ಲೊಂದರಲ್ಲಿ, ಕದಂಬ ರಾಜ ರವಿವರ್ಮನ ತಮ್ಮ ಭಾನುವರ್ಮ ಪಲಾಶಿಕೆಯ ಕರ್ದಮಪಟಿ ಎಂಬಲ್ಲಿ ಹದಿನೈದು ನಿವರ್ತನ ನೆಲವನ್ನು ಜಿನಾಲಯಕ್ಕೆ ಬಿಟ್ಟುಕೊಟ್ಟದ್ದು ದಾಖಲಾಗಿದೆ. ಪ್ರತಿ ಹುಣ್ಣಿಮೆಯ ಅಭಿಷೇಕ ತಪ್ಪದೆ ನಡೆಯಲೆಂದು. ನೆಲದ ಹುಟ್ಟುವಳಿಯನ್ನು ತಿಂಗಳ ಖರ್ಚಿಗೆ ಗಂಟುಹಾಕಿದ ಈ ವ್ಯವಸ್ಥೆ ಒಂದೂವರೆ ಸಾವಿರ ವರ್ಷದ ಹಿಂದಿನದು. ಮಾಸ್ತರರು ಮಕ್ಕಳಿಗೆ ಇದನ್ನು ಎಷ್ಟೋ ಸಲ ಪಾಠ ಹೇಳಿದ್ದಾರೆ. ರಾಜಧಾನಿ ಹೋಯಿತು, ನಾಡು ಹೋಯಿತು, ಈಗ ಹಲಸಿ ಖಾನಾಪುರ ತಾಲೂಕಿನ ಒಂದು ಹಳ್ಳಿ. ಎಂಥ ಪೇಟೆಯೂ ಸದಾಕಾಲ ಪೇಟೆಯಾಗಿ ಉಳಿಯುವುದಿಲ್ಲ ಎಂಬುದಕ್ಕೆ ಈ ಓಣಿಗಿಂತ ಬೇರೆ ಸಾಕ್ಷಿ ಬೇಡ.

ಇನ್ನೊಂದು ಮಾತನ್ನೂ ಮಾಸ್ತರರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳುತ್ತಾರೆ. ಅವರ ಅಜ್ಜನಿಗೆ ಸ್ವಲ್ಪ ಗದ್ದೆಯಿತ್ತು, ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದರು. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು, ಗೇಣಿದಾರರು ಅರ್ಜಿ ಹಾಕಿದರು, ಗದ್ದೆ ಉಳುವವನ ಹೆಸರಿಗೆ ಆಯಿತು. “ಅದು ನ್ಯಾಯಾನ ಆತು, ದುಡದಾಂವಗ ಭೂಮಿ ಹೋತು,” ಎನ್ನುತ್ತಾರೆ ಮಾಸ್ತರರು ಒಂದಿಷ್ಟೂ ಕಹಿಯಿಲ್ಲದೆ. “ಆದ್ರ ನಮ್ಮ ಅಜ್ಜಗ ಇದ್ದ ಉತ್ಪನ್ನ ಅದೊಂದ. ಎಲ್ಲಾ ಒಂದ ಕಡೆ ಇಟ್ಟಿದ್ದ.” ಕಾನೂನು ಬದಲಾಗುತ್ತದೆ, ಬದಲಾಗಬೇಕಾದಾಗ ಬದಲಾಗಲೇಬೇಕು. ಗೇಣಿಯನ್ನೇ ನೆಚ್ಚಿದ ಮನೆತನಗಳು ಆಗ ಕಲಿತ ಪಾಠವನ್ನು ಇವತ್ತು ಬಾಡಿಗೆಯನ್ನೇ ನೆಚ್ಚುವವರು ಮರೆಯಬಾರದು.

ಬಸ್ಸು ಬಂತು. ಒದ್ದೆ ಕೊಡೆಗಳ, ಕೊತ್ತಂಬರಿ ಕಟ್ಟುಗಳ, ಕಾಲೇಜಿನ ಹುಡುಗಿಯರ ಬಸ್ಸು. ಕಿಟಕಿಯ ಗಾಜು ಮೇಲಕ್ಕೂ ಏರದೆ ಕೆಳಕ್ಕೂ ಇಳಿಯದೆ ನಡುವೆ ನಿಂತಿದೆ, ಮೊಣಕೈ ತೊಯ್ಯುತ್ತದೆ. ಸಂಗೊಳ್ಳಿ ರಾಯಣ್ಣನ ಸಮಾಧಿಯಿರುವ ನಂದಗಡ ದಾಟಿ ಮಲಪ್ರಭೆಯ ಕಡೆ ಇಳಿಯುವಾಗ ಹೊಳೆ ಕೆಂಪಾಗಿ, ದಡ ಮುಟ್ಟಿ ಹರಿಯುತ್ತಿದೆ. ಖಾನಾಪುರದ ಮಣ್ಣೇ ಹಾಗೆ. ಗಡಿಗೆಗೂ ಹೆಂಚಿಗೂ ಹೇಳಿ ಮಾಡಿಸಿದ ಮಣ್ಣು, ಕುಂಬಾರಿಕೆ ಕಲಿಸುವ ಸಂಸ್ಥೆಯೇ ಈ ಊರಲ್ಲಿದೆ.

ಖಾನಾಪುರ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಈ ಊರಿನ ಬಾಡಿಗೆ ಪೇಟೆ ಅರ್ಥವಾಗುತ್ತದೆ. ಬೆಳಗಾವಿಯಿಂದ ಬಂದ ಬಸ್ಸು ನಿಂತ ಕೂಡಲೇ ಇಳಿಯುವವರನ್ನು ನೋಡಿ. ಹೆಗಲಿಗೆ ಊಟದ ಡಬ್ಬಿಯ ಚೀಲ, ಕೈಯಲ್ಲಿ ಫೈಲು, ಇಸ್ತ್ರಿ ಮಾಡಿದ ಅಂಗಿ. ತಾಲೂಕು ಕಚೇರಿಯವರು, ಬ್ಯಾಂಕಿನವರು, ಶಾಲೆಯವರು. ಇವರನ್ನು ಇಲ್ಲಿ ಅಪ್‌ಡೌನ್ ಮಂದಿ ಎನ್ನುತ್ತಾರೆ. ಬೆಳಗಾವಿ ಇಲ್ಲಿಂದ ಸುಮಾರು ಇಪ್ಪತ್ತಾರು ಕಿಲೋಮೀಟರ್. ಗೋವೆಯ ಹೆದ್ದಾರಿ ಕಿರಿದಾಗಿ ಹೊಂಡಬಿದ್ದಿದ್ದಾಗ ಇಂಥವರು ಇಲ್ಲೇ ಮನೆ ಹಿಡಿಯುತ್ತಿದ್ದರು. ರಸ್ತೆ ಅಗಲವಾಯಿತು, ಸಂಸಾರ ಬೆಳಗಾವಿಯಲ್ಲೇ ಉಳಿಯಿತು. ಚಹಾ ಅಂಗಡಿಯವರು ಗ್ಲಾಸು ತೊಳೆಯುತ್ತ ಹೇಳುತ್ತಾರೆ: “ರಸ್ತಾ ಆದ್ರ ಊರು ಬೆಳೀತೈತಿ ಅಂತಿದ್ರು. ಮನಿ ಕಟ್ಟಿದಾವ್ರು ಕಟ್ಟಿದ್ರು. ಸಾಹೇಬ್ರು ಮಾತ್ರ ಐದು ಗಂಟೆ ಬಸ್ಸಿಗಿ ಹೋಗ್ತಾರ.” ರಸ್ತೆ ಬಂದ ಕಡೆಯೆಲ್ಲ ಬಾಡಿಗೆ ಏರುತ್ತದೆಂದು ನಂಬಿ ದುಡ್ಡು ಹಾಕುವವರು ಈ ಸ್ಟ್ಯಾಂಡಿಗೆ ಒಮ್ಮೆ ಬರಬೇಕು. ಅದೇ ರಸ್ತೆ ಬಾಡಿಗೆದಾರರನ್ನು ಹೊರಗೂ ಒಯ್ಯುತ್ತದೆ.

ಬೆಳಗಾವಿಯ ದಾರಿ. ಮಚ್ಛೆ ಬರುವಷ್ಟರಲ್ಲಿ ಗಾಳಿಯ ವಾಸನೆ ಬದಲಾಗುತ್ತದೆ. ಇಲ್ಲಿಂದ ಪೀರನವಾಡಿ, ಉದ್ಯಮಬಾಗದವರೆಗೆ ಒದ್ದೆ ಮಣ್ಣಿನ ಜೊತೆ ಸುಟ್ಟ ಉಸುಕು, ಎಣ್ಣೆ, ಕಾದ ಕಬ್ಬಿಣ. ಫೌಂಡ್ರಿಗಳ ನಾಡು ಇದು. ಎರಕದ ಭಾಗಗಳು, ಪಂಪು, ಹೈಡ್ರಾಲಿಕ್ ಸಾಮಾನು ಇಲ್ಲಿಂದ ದೇಶದೆಲ್ಲೆಡೆಗೆ ಹೋಗುತ್ತವೆ. ಅದೇ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆವರಣವೂ ಇದೆ. ರಸ್ತೆಯಿಂದ ಒಳಗೆ ತಿರುಗಿದರೆ ಉದ್ದಕ್ಕೆ ಖೋಲಿಗಳ ಸಾಲು. ಒಂದು ಬಾಗಿಲು, ಒಂದು ಕಿಟಕಿ, ಮೇಲೆ ಸಿಮೆಂಟಿನ ತಗಡು. ಸಾಲಿನ ತುದಿಗೆ ಒಂದು ನಳ, ನಳದ ಮುಂದೆ ಬಣ್ಣಬಣ್ಣದ ಕೊಡಗಳ ಸರತಿ. ಮಾಸ್ತರರ ಚೀಟಿಯಲ್ಲಿರುವ ಮೊದಲ ವಿಳಾಸ ಇಲ್ಲಿಯದೇ.

ರಾತ್ರಿ ಪಾಳಿ ಮುಗಿಸಿ ಬಂದ ಹುಡುಗನೊಬ್ಬ ಹೊಸ್ತಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಾನೆ, ಕಣ್ರೆಪ್ಪೆಯ ಮೇಲೆ ಇನ್ನೂ ಬೂದಿ ಬಣ್ಣದ ಧೂಳು. ಒಳಗೆ ಮೂವರು ಮಲಗಿದ್ದಾರೆ. ಅವರು ಏಳುವ ಹೊತ್ತಿಗೆ ಅದೇ ಹಾಸಿಗೆಗೆ ಇವನು. ಉತ್ತರ ಪ್ರದೇಶ, ಬಿಹಾರ, ಒಡಿಶಾದ ಮಕ್ಕಳು. ಇಲ್ಲಿ ನಮ್ಮನ್ನು ಕೂಡಿಕೊಂಡ ಏಜೆಂಟ್ ಉತ್ಸಾಹದಿಂದ ಹೇಳುತ್ತಾನೆ: “ಸರ, ಖೋಲಿ ಒಂದ್ ದಿನಾನೂ ಖಾಲಿ ಉಳಿಯೂದಿಲ್ಲ. ಒಬ್ಬಾಂವ ಹೋದ್ರ ಇಬ್ರು ಬರ್ತಾರ.” ಅದು ಸುಳ್ಳಲ್ಲ. ಆದರೆ ಮಾಸ್ತರರು ನಳದ ಹತ್ತಿರ ನಿಂತ ಹೆಂಗಸನ್ನು ಕೇಳಿದಾಗ ಇನ್ನೊಂದು ಮುಖ ಕಾಣುತ್ತದೆ. ಆರ್ಡರ್ ಇಳಿದರೆ ಫ್ಯಾಕ್ಟರಿ ಪಾಳಿ ಕಡಿಮೆ ಮಾಡುತ್ತದೆ, ಪಾಳಿ ಕಡಿಮೆಯಾದರೆ ಸಾಲಿನ ಅರ್ಧ ಖೋಲಿಗಳು ಒಂದೇ ವಾರದಲ್ಲಿ ಖಾಲಿ. 2020ರ ಲಾಕ್‌ಡೌನಿನಲ್ಲಿ ಈ ಮಕ್ಕಳು ಗಂಟುಮೂಟೆ ಹೊತ್ತು ಊರಿನ ದಾರಿ ಹಿಡಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ನಾಲ್ಕು ಖೋಲಿಗಳಲ್ಲಿ ನಾಲ್ಕು ಬೇರೆ ಬೇರೆ ಕೆಲಸದವರಿದ್ದರೆ ಆ ಮಾತು ಬೇರೆ. ಸಾಲಿನ ಹನ್ನೆರಡೂ ಖೋಲಿ ಒಂದೇ ಗೇಟಿನ ಕೂಲಿಯನ್ನು ನೆಚ್ಚಿದ್ದರೆ ಮಾಲಕನ ಹಣೆಬರಹವೂ ಆ ಗೇಟಿನ ಒಳಗೇ ಇರುತ್ತದೆ. ಜೊತೆಗೆ ಹೇಳಲೇಬೇಕಾದ ಮಾತು: ಹನ್ನೆರಡು ಖೋಲಿಗೆ ಒಂದು ನಳ, ಎರಡು ಸಂಡಾಸು ಕಟ್ಟಿ ಬಾಡಿಗೆ ಎಣಿಸುವುದು ಅನ್ಯಾಯ. ಎರಕದ ಒಲೆಯ ಮುಂದೆ ನಿಂತು ಬಂದವನಿಗೆ ಮೈತೊಳೆಯಲು ನೀರು ಇರಬೇಕು. ನೀರು, ಬೆಳಕು ಸರಿಯಿದ್ದ ಖೋಲಿ ಬಿಟ್ಟು ಯಾರೂ ಬೇಗ ಹೋಗುವುದಿಲ್ಲ ಎಂಬುದನ್ನೂ ಅದೇ ಹೆಂಗಸು ಹೇಳಿದಳು.

ಮೂರನೇ ರೈಲ್ವೆ ಗೇಟು ದಾಟಿದರೆ ಟಿಳಕವಾಡಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ 1924ರ ಕಾಂಗ್ರೆಸ್ ಅಧಿವೇಶನ ನಡೆದ ಪ್ರದೇಶ, ಆ ನೆನಪಿಗೇ ಕಾಂಗ್ರೆಸ್ ರಸ್ತೆ. ಈಗ ಈ ಬೀದಿಗಳಲ್ಲಿ ಕಾಲೇಜು ಮಕ್ಕಳದೇ ರಾಜ್ಯ. ಆರ್‌ಪಿಡಿ ವೃತ್ತದ ಸುತ್ತ ಝೆರಾಕ್ಸ್ ಯಂತ್ರದ ಬಿಸಿ ಕಾಗದ, ಮಿಸಳಿನ ಒಗ್ಗರಣೆ, ಕಟಿಂಗ್ ಚಹಾದ ಶುಂಠಿ, ತೊಯ್ದ ರೇನ್‌ಕೋಟು. ಹಳೆಯ ಮನೆಗಳ ಕಂಪೌಂಡಿಗೆ ಪಾರಿಜಾತ ಬಾಗಿದೆ; ಆ ಕಂಪೌಂಡಿನ ಮೇಲೇ ಬೋರ್ಡುಗಳು. ‘ರೂಂ ಬಾಡಿಗೆಗಿದೆ’. ‘ಹುಡುಗಿಯರಿಗೆ ಮಾತ್ರ’. ‘ಫ್ಯಾಮಿಲಿಗೆ ಮಾತ್ರ’. ‘ಸಸ್ಯಾಹಾರಿಗಳಿಗೆ ಮಾತ್ರ’. ಕೊನೆಯ ಬೋರ್ಡಿನ ಮುಂದೆ ಮಾಸ್ತರರು ಸ್ವಲ್ಪ ಹೊತ್ತು ನಿಂತರು. ಅನ್ನ ಹುಡುಕಿ, ವಿದ್ಯೆ ಹುಡುಕಿ ಬಂದವನ ತಾಟನ್ನೂ ಜಾತಿಯನ್ನೂ ಕೇಳುವ ಈ ಪದ್ಧತಿ ನನಗೆ ಹಿಡಿಸುವುದಿಲ್ಲ, ಅದನ್ನು ನೇರವಾಗಿಯೇ ಹೇಳುತ್ತೇನೆ. ವ್ಯವಹಾರದ ಕಣ್ಣಿಂದ ನೋಡಿದರೂ ಅದು ದಡ್ಡತನ. ಬಾಗಿಲಿಗೆ ಬಂದ ಹತ್ತು ಮಂದಿಯಲ್ಲಿ ಆರು ಮಂದಿಯನ್ನು ಮೊದಲೇ ತಿರುಗಿಸಿ ಕಳಿಸಿದ ಮೇಲೆ ಮನೆ ಖಾಲಿ ಬಿದ್ದಿದೆ ಎಂದು ಕೊರಗುವುದರಲ್ಲಿ ಅರ್ಥವಿಲ್ಲ.

ಮೇಲಿನ ಮಹಡಿಯ ಮೂರು ಕೋಣೆಗಳನ್ನು ಮಕ್ಕಳಿಗೆ ಕೊಟ್ಟಿರುವ ಒಬ್ಬ ವೈನಿ ಮಾಸ್ತರರಿಗೆ ಗ್ಯಾಲರಿಯಲ್ಲಿ ಕುರ್ಚಿ ಹಾಕಿ ಕೂಡಿಸಿದರು. ಒಣಗಲು ಹಾಕಿದ ಜೀನ್ಸ್ ಪ್ಯಾಂಟುಗಳ ಸಾಲಿನ ಆಚೆ ಬೀದಿ ಕಾಣುತ್ತದೆ. “ಜೂನ್ ಜುಲೈದಾಗ ಬರ್ತಾವ, ಏಪ್ರಿಲ್ ಮೇದಾಗ ಹೋಗ್ತಾವ. ವರ್ಷಾ ಹನ್ನೆರಡ ತಿಂಗಳಾ ಅಂತ ಲೆಕ್ಕಾ ಹಾಕಬ್ಯಾಡ್ರಿ ಗುರುಗಳ, ಹತ್ತ ಅಂತ ಹಾಕ್ರಿ,” ಎಂದರು. ಕೊರೊನಾ ವರ್ಷ ಕೋಣೆಗಳು ತಿಂಗಳುಗಟ್ಟಲೆ ಖಾಲಿ ಇದ್ದವು. ನೆಹರೂ ನಗರದಲ್ಲಿ ಆಸ್ಪತ್ರೆಯ ಹತ್ತಿರ ಮನೆಯಿರುವ ಅವರ ಅಕ್ಕನಿಗೆ ಮಾತ್ರ ಆ ತೊಂದರೆ ಬರಲಿಲ್ಲ. ಅಲ್ಲಿ ಕೆಎಲ್ಇ ಆಸ್ಪತ್ರೆ, 1963ರಿಂದ ನಡೆದುಬಂದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು. ನರ್ಸುಗಳು, ಲ್ಯಾಬಿನವರು, ವಾರಗಟ್ಟಲೆ ನಿಲ್ಲಬೇಕಾದ ರೋಗಿಗಳ ಕಡೆಯವರು. ರಜೆಯಿಲ್ಲದ ಸಂಸ್ಥೆಯ ನೆರಳಲ್ಲಿ ಮನೆಯಿದ್ದರೆ ಬಾಡಿಗೆಗೂ ರಜೆ ಕಡಿಮೆ. ಆದರೆ ಈ ಸಂಗತಿ ಎಲ್ಲರಿಗೂ ಗೊತ್ತು. ಅದಕ್ಕೇ ಅಲ್ಲಿಯ ಮನೆಯ ಬೆಲೆ ಕೇಳಿದರೆ ಮಾಸ್ತರರ ಪಾಸ್‌ಬುಕ್ಕು ಅರ್ಧಕ್ಕೂ ನಿಲ್ಲುವುದಿಲ್ಲ.

ಮಧ್ಯಾಹ್ನ ಖಾನಾವಳಿ. ಒದ್ದೆ ಚಪ್ಪಲಿಗಳ ರಾಶಿ ದಾಟಿ ಒಳಗೆ ಹೋದರೆ ರೊಟ್ಟಿ ಬಡಿಯುವ ಸದ್ದು ಒಂದೇ ಲಯದಲ್ಲಿ. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಹಿಂಡಿ, ಮೇಲೆ ಒಂದು ಹೋಳು ಉಳ್ಳಾಗಡ್ಡಿ. ಊಟದ ನಡುವೆ ಮಾಸ್ತರರು ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆಯತೊಡಗಿದರು. ಏಜೆಂಟ್ ಹೇಳಿದ ಎರಡು ಬೆಡ್‌ರೂಮಿನ ಮನೆಗೆ 40 ಲಕ್ಷ ಎಂದು ಹಿಡಿಯೋಣ, ಬಾಡಿಗೆ ತಿಂಗಳಿಗೆ 12,000. ವರ್ಷಕ್ಕೆ 1,44,000. ನೂರಕ್ಕೆ ಮೂರೂವರೆಗಿಂತ ಸ್ವಲ್ಪ ಮೇಲೆ. ಇದರಲ್ಲಿ ಒಂದು ತಿಂಗಳು ಖಾಲಿ ಎಂದು ತೆಗೆಯಬೇಕು, ಉಳಿದದ್ದು 1,32,000. ಮನೆಪಟ್ಟಿ, ಬಣ್ಣ, ಕೆಟ್ಟ ಮೋಟಾರು, ಸೋರುವ ಮಾಡು, ಏಜೆಂಟನ ಕಮಿಷನ್ ಸೇರಿ 25,000 ಹೋದರೆ 1,07,000. ನೂರಕ್ಕೆ ಎರಡೂ ಮುಕ್ಕಾಲನ್ನೂ ಮುಟ್ಟುವುದಿಲ್ಲ. ತೆರಿಗೆ ಬಂದರೆ ಅದು ಬೇರೆ; ಮನೆಪಟ್ಟಿ ಕಳೆದ ಬಾಡಿಗೆಯಲ್ಲಿ ನೂರಕ್ಕೆ ಮೂವತ್ತನ್ನು ಆದಾಯ ತೆರಿಗೆಯವರು ರಿಪೇರಿ ಇತ್ಯಾದಿಗೆಂದು ಬಿಟ್ಟುಕೊಡುತ್ತಾರೆ ಎಂಬುದೊಂದು ಸಮಾಧಾನ. ಮಗನ ಸಲಹೆಯಂತೆ 30 ಲಕ್ಷ ಸಾಲ ತೆಗೆದರೆ? ನೂರಕ್ಕೆ ಎಂಟೂವರೆ ಬಡ್ಡಿ, ಇಪ್ಪತ್ತು ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 26,000. ಬಾಡಿಗೆ ಅದರ ಅರ್ಧಕ್ಕೂ ಬರುವುದಿಲ್ಲ. ಮಾಸ್ತರರು ಪೆನ್ನಿನ ಮುಚ್ಚಳ ಹಾಕಿ ರೊಟ್ಟಿಗೆ ಕೈಹಚ್ಚಿದರು.

ಬಾಡಿಗೆ ಮನೆಯ ವ್ಯವಹಾರದಲ್ಲಿ ಜನ ಬೆಳೆಯುವ ಬೆಲೆಯನ್ನು ನೆಚ್ಚುತ್ತಾರೆ, ಇವತ್ತಲ್ಲ ನಾಳೆ ದುಪ್ಪಟ್ಟಾಗುತ್ತದೆ ಎನ್ನುತ್ತಾರೆ. ಅದು ಆದೀತು, ಆಗದೆಯೂ ಇದ್ದೀತು. ತಿಂಗಳ ಕಂತು ಮಾತ್ರ ತಪ್ಪದೆ ಬರುತ್ತದೆ. ನಿವೃತ್ತಿಯ ಹಣದವರಿಗೆ ಬಾಡಿಗೆಯಿಂದ ತೀರದ ಸಾಲ ಬೇಡವೇ ಬೇಡ ಎಂದು ನನ್ನ ಗಟ್ಟಿ ಅಭಿಪ್ರಾಯ. ಸಾಲ ತೆಗೆಯಲೇಬೇಕಾದರೆ ಆರು ತಿಂಗಳ ಕಂತಾದರೂ ಬೇರೆ ಖಾತೆಯಲ್ಲಿ ಮುಟ್ಟದ ಹಾಗೆ ಇರಬೇಕು.

ಊಟವಾದ ಮೇಲೆ ವಡಗಾವಿ. ಓಣಿಗೆ ತಿರುಗುವ ಮೊದಲೇ ಸದ್ದು ಕೇಳುತ್ತದೆ. ಮನೆಮನೆಯೊಳಗಿಂದ ಮಗ್ಗದ ಕಟಕಟ, ಒಂದು ನಿಂತರೆ ಇನ್ನೊಂದು. ನೇಕಾರರ ಮನೆಗಳ ಕಟ್ಟಡವೇ ಬೇರೆ. ಮುಂದಿನ ಪಡಸಾಲೆಯಲ್ಲಿ ಮಗ್ಗ, ಹಿಂದೆ ಒಲೆ, ನಡುವೆ ಮಲಗುವ ಜಾಗ. ಒಬ್ಬ ತಾಯಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಾಳೆ. ಕೆಂಪು ದಾರ ಬೆರಳ ಸಂದಿಯಿಂದ ಸರಸರ ಹರಿಯುತ್ತದೆ, ಕಂಡಿಕೆ ತುಂಬಿದ ಕೂಡಲೇ ನೋಡದೆಯೇ ತೆಗೆದು ಇನ್ನೊಂದನ್ನು ಸಿಕ್ಕಿಸುತ್ತಾಳೆ. ಅವಳ ತಲೆಗೂದಲ ಮೇಲೆ, ಗೋಡೆಯ ದೇವರ ಪಟದ ಚೌಕಟ್ಟಿನ ಮೇಲೆ ನೂಲಿನ ತೆಳ್ಳನೆಯ ಹೂ. ಮನೆ ಬಾಡಿಗೆಯದು. ಮಗ್ಗ ಕೂಡುವಷ್ಟು ಪಡಸಾಲೆ, ಅದರ ಅದುರು ತಾಳುವ ನೆಲ, ಮಗ್ಗಕ್ಕೆ ಬೇಕಾದ ಕರೆಂಟು ಇರುವ ಮನೆ ಸಿಗುವುದು ಕಷ್ಟ, ಸಿಕ್ಕರೆ ಬಿಡುವುದಿಲ್ಲ. ಇದೇ ಮನೆಯಲ್ಲಿ ಅವಳ ಮಗಳು ಹುಟ್ಟಿ, ಓದಿ, ಮದುವೆಯಾಗಿ ಹೋಗಿದ್ದಾಳೆ. ಇಂಥ ಬಾಡಿಗೆದಾರರು ಸಿಕ್ಕರೆ ಮಾಲಕರ ಪುಣ್ಯ. ಆದರೆ ಸೀರೆಯ ವ್ಯಾಪಾರ ನಿಂತ ತಿಂಗಳು ಬಾಡಿಗೆಯೂ ನಿಲ್ಲುತ್ತದೆ. “ಮಾಲಕ್ರು ಭಾಳ ಛಲೋ ಅದಾರ್ರಿ ಯಣ್ಣಾ, ಲಾಕ್‌ಡೌನ್‌ದಾಗ ನಾಕ ತಿಂಗಳ ಬಾಯಿ ಬಿಟ್ಟ ಕೇಳ್ಲಿಲ್ಲ. ಆಮ್ಯಾಲ ಸಾವಕಾಶ ತೀರ್ಸಿದ್ವಿ,” ಎಂದಳು ತಾಯಿ. ಹಾಗೆ ತಡೆದುಕೊಳ್ಳುವ ಶಕ್ತಿ ಆ ಮಾಲಕರಿಗೆ ಇದ್ದದ್ದು ಅವರ ತಲೆಯ ಮೇಲೆ ಸಾಲದ ಕಂತು ಇಲ್ಲದ್ದರಿಂದ.

ವಡಗಾವಿಯ ಓಣಿಗಳು ಮುಗಿಯುವಲ್ಲಿ ಹೊಲ. ಬೆಳಗಾವಿ ಬಾಸುಮತಿಗೆ ಹೆಸರಾದ ಕಪ್ಪು ನೆಲ ಇದು. ಇಲ್ಲಿಂದ ಬಳ್ಳಾರಿ ನಾಲಾ ಹರಿಯುತ್ತದೆ, ಮಳೆಗಾಲ ಜೋರಾದರೆ ಉಕ್ಕಿ ಭತ್ತದ ಮೇಲೆ ಮಲಗುತ್ತದೆ. ಇವತ್ತೂ ಅಷ್ಟೆ. ಬದುಗಳೆಲ್ಲ ಮುಳುಗಿ ಕಣ್ಣಿಗೆ ಬೀಳುವಷ್ಟು ದೂರ ಒಂದೇ ನೀರು, ನೀರಿನ ನಡುವೆ ಸಾಲಾಗಿ ನೆಟ್ಟ ಕಲ್ಲುಗಳು. ಕಲ್ಲಿನ ತಲೆಗೆ ಕೆಂಪು ಬಣ್ಣ. ಅವು ಪ್ಲಾಟುಗಳ ಗಡಿಕಲ್ಲುಗಳು. ಏಜೆಂಟ್ ಬೇಸಿಗೆಯಲ್ಲಿ ಮೊಬೈಲಿಗೆ ಕಳಿಸಿದ್ದ ಫೋಟೊದಲ್ಲಿ ಇದೇ ಜಾಗ ಒಣಗಿ, ಸಮತಟ್ಟಾಗಿ, ಅಂಚಿಗೆ ಒಂದು ತೆಂಗಿನ ಸಸಿಯೊಡನೆ ಚೆಂದ ಕಂಡಿತ್ತು. “ಸರ, ನೀರು ಎರಡ ದಿವಸದಾಗ ಇಳೀತೈತಿ,” ಎಂದ. ನೀರಲ್ಲಿ ಮೊಣಕಾಲವರೆಗೆ ನಿಂತು ಪೈರು ನೋಡುತ್ತಿದ್ದ ರೈತರೊಬ್ಬರು ತಲೆಯೆತ್ತದೆ ಹೇಳಿದರು: “ಹತ್ತೊಂಬತ್ತರಾಗ ಎಂಟ ದಿನ ನಿಂತಿತ್ತು.” 2019ರ ಆಗಸ್ಟಿನ ಮಳೆಯನ್ನು ಬೆಳಗಾವಿಯವರು ಇಸವಿಯ ಕೊನೆಯ ಎರಡಂಕಿ ಹೇಳಿದರೆ ಸಾಕು ನೆನೆಯುತ್ತಾರೆ.

ನೀರಿನ ಭಯಕ್ಕಿಂತ ಕಾಗದದ ಭಯ ದೊಡ್ಡದು. ಹೊಲವನ್ನು ಬಿನ್‌ಶೇತ್ಕಿ ಮಾಡಿಸದೆ, ಅಂದರೆ ಕೃಷಿಯೇತರ (ಎನ್ಎ) ಆಗದೆ, ಗುಂಟೆ ಗುಂಟೆಯಾಗಿ ತುಂಡು ಮಾಡಿ ಬಾಂಡ್ ಕಾಗದದ ಮೇಲೆ ಮಾರುವ ವ್ಯವಹಾರ ಈ ಅಂಚಿನಲ್ಲಿ ಬೇಕಾದಷ್ಟು. ಬೆಲೆ ಕಡಿಮೆ. ಆದರೆ ಬ್ಯಾಂಕು ಸಾಲ ಕೊಡುವುದಿಲ್ಲ, ಕಟ್ಟಡಕ್ಕೆ ಪರವಾನಿಗೆ ಸಿಗುವುದಿಲ್ಲ, ಮುಂದೆ ಮಾರುವಾಗ ಕೊಳ್ಳುವವರು ಹಿಂಜರಿಯುತ್ತಾರೆ. ಉತಾರ (ಪಹಣಿ) ತೆಗೆಸಬೇಕು, ಪಟ್ಟಣದೊಳಗಾದರೆ ಸಿಟಿ ಸರ್ವೇಯ ಪ್ರಾಪರ್ಟಿ ಕಾರ್ಡ್ ನೋಡಬೇಕು, ಹಿಂದಿನ ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ ಓದಿಸಬೇಕು, ಇ-ಖಾತೆ ಇದೆಯೇ ಕೇಳಬೇಕು, ಬೈಪಾಸ್ ರಸ್ತೆಗೋ ವರ್ತುಲ ರಸ್ತೆಗೋ ಆ ಸರ್ವೇ ನಂಬರ್ ಹೋಗುತ್ತದೆಯೇ ಎಂದು ವಿಚಾರಿಸಬೇಕು. ಹಲಗಾ–ಮಚ್ಛೆ ಬೈಪಾಸಿಗೆ ತಮ್ಮ ಫಲವತ್ತಾದ ಹೊಲ ಕೊಡಲಾರೆವೆಂದು ರೈತರು ವರ್ಷಗಟ್ಟಲೆ ಹೋರಾಡಿದ್ದು ಈ ಮಣ್ಣಿನಲ್ಲೇ. ಕ್ಯಾಂಪಿನ, ಅಂದರೆ ದಂಡು ಪ್ರದೇಶದ, ಅಂದದ ಬಂಗಲೆಗಳ ಕಥೆ ಇನ್ನೂ ಬೇರೆ; ಅಲ್ಲಿ ಓಲ್ಡ್ ಗ್ರ್ಯಾಂಟ್ ಬಂಗಲೆ ಕೊಂಡವನಿಗೆ ಕಟ್ಟಡ ಸಿಗುತ್ತದೆ, ನೆಲ ಸರ್ಕಾರದ್ದೇ ಆಗಿ ಉಳಿಯುತ್ತದೆ.

ಕ್ಯಾಂಪಿನ ಆಚೆ ಗಣೇಶಪುರ, ಹಿಂಡಲಗಾ ಕಡೆ ಸಂಜೆಗೆ ಹೋದೆವು. ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದ ಬಗಲಿಗೆ ಬೆಳೆದ ಬಡಾವಣೆಗಳು. ಅಂಗಳಗಳು ಗುಡಿಸಿ ಲಕಲಕ ಎನ್ನುತ್ತಿವೆ, ಸೈಕಲ್ ಮೇಲೆ ಮಕ್ಕಳು, ದಾಸವಾಳದ ಬೇಲಿ. ಗಂಡ ಗಡಿಯಲ್ಲಿರುವಾಗ ಮಕ್ಕಳ ಶಾಲೆಗೆಂದು ಇಲ್ಲಿ ಮನೆ ಹಿಡಿದಿರುವ ಹೆಂಗಸರು, ನಿವೃತ್ತ ಸುಬೇದಾರರು. ಪಗಾರ ಸರ್ಕಾರದ್ದು, ಬಾಡಿಗೆ ತಿಂಗಳ ಮೊದಲ ವಾರಕ್ಕೆ ಬರುತ್ತದೆ; ಎರಡು ಮೂರು ವರ್ಷಕ್ಕೆ ಬದಲಿಯಾದರೆ ಅದೇ ಬಾಗಿಲಿಗೆ ಅಂಥದೇ ಇನ್ನೊಂದು ಕುಟುಂಬ. ಬಾಡಿಗೆ ಹೆಚ್ಚು ಏರುವುದಿಲ್ಲ, ಇಳಿಯುವುದೂ ಇಲ್ಲ. ಮಾಸ್ತರರ ಮುಖ ಇಡೀ ದಿನದಲ್ಲಿ ಮೊದಲ ಸಲ ಸಡಿಲಾದದ್ದು ಇಲ್ಲಿ.

ಏಜೆಂಟ್ ಇನ್ನೂ ಹಲಗಾ ಕಡೆಗೆ ಕರೆಯುತ್ತಿದ್ದ. ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದಾಗಿನಿಂದ ಆ ಭಾಗದ ಜಮೀನಿನ ಮಾತು ಬಲು ದೊಡ್ಡದು. ಡಿಸೆಂಬರಿನ ಅಧಿವೇಶನದ ಆ ಹತ್ತು ಹನ್ನೆರಡು ದಿನ ಊರಿನ ಲಾಡ್ಜುಗಳೆಲ್ಲ ತುಂಬುತ್ತವೆ. ಉಳಿದ ದಿನಗಳಲ್ಲಿ ಅಲ್ಲಿ ಮನೆ ಹಿಡಿದು ಕೂರಬೇಕಾದವರು ಎಷ್ಟು ಜನ? ಸೌಧಕ್ಕೆ ಕಚೇರಿಗಳು ಪೂರ್ತಿಯಾಗಿ ಬರಲಿ ಎಂದು ಉತ್ತರ ಕರ್ನಾಟಕದವರೆಲ್ಲ ಕೇಳುತ್ತಿದ್ದೇವೆ, ಬರಲೇಬೇಕು. ಬಂದ ಮೇಲೆ ಕೊಂಡರಾಯಿತು.

ಗಣೇಶಪುರದ ಮನೆಯ ಮಾಲಕರು, ಒಬ್ಬ ನಿವೃತ್ತ ಸುಬೇದಾರರು, ಕರಾರುಪತ್ರ ತೋರಿಸಿದರು. ಹನ್ನೊಂದು ತಿಂಗಳದ್ದು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು, ಆ ಖರ್ಚು ತಪ್ಪಿಸಲು ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಆ ಕಾಗದದಲ್ಲಿ ನನಗೆ ಹಿಡಿಸಿದ್ದು ಕೊನೆಯ ಪುಟ. ಎಷ್ಟು ಫ್ಯಾನು, ಎಷ್ಟು ನಳ, ಯಾವ ಗೋಡೆಯಲ್ಲಿ ಮೊದಲೇ ಬಿರುಕು, ಮೀಟರಿನ ರೀಡಿಂಗ್ ಎಷ್ಟು, ಎಲ್ಲವನ್ನೂ ಸುಬೇದಾರರು ಕೈಬರಹದಲ್ಲಿ ಬರೆದು ಇಬ್ಬರ ಸಹಿ ಹಾಕಿಸಿದ್ದರು. ಡಿಪಾಜಿಟ್ ಮೂರು ತಿಂಗಳದ್ದು. “ಬೆಂಗಳೂರಿನ ಹಂಗ ಹತ್ತ ತಿಂಗಳದ್ದು ಕೇಳಿದ್ರ ಜವಾನ್ ಎಲ್ಲಿಂದ ತರ್ತಾನ್ರೀ ಮಾಸ್ತರ?” ಎಂದರು. ಬಾಡಿಗೆದಾರರ ಗುರುತಿನ ಚೀಟಿಯ ಪ್ರತಿ, ಹಿಂದಿನ ಮಾಲಕರಿಗೆ ಮಾಡಿದ ಒಂದು ಫೋನು, ಠಾಣೆಗೆ ಕೊಟ್ಟ ಮಾಹಿತಿ, ಇಷ್ಟರಲ್ಲೇ ಮುಕ್ಕಾಲು ತಕರಾರು ಹುಟ್ಟುವುದಿಲ್ಲ ಎನ್ನುವುದು ಅವರ ಅನುಭವ.

ಕತ್ತಲಾಗುವ ಹೊತ್ತಿಗೆ ಮಾಸ್ತರರು ನಿರ್ಧಾರ ಹೇಳಿದರು. ನಿವೃತ್ತಿಯ ಹಣದಲ್ಲಿ ಅರ್ಧ ಬ್ಯಾಂಕಿನಲ್ಲೇ ಇರಲಿ. ಉಳಿದದ್ದರಲ್ಲಿ ಸಾಲವಿಲ್ಲದೆ ಸಿಗುವ ಚಿಕ್ಕ ಮನೆ, ಗಣೇಶಪುರದ ಆಸುಪಾಸಿನಲ್ಲಿ, ಕಾಗದ ವಕೀಲರು ಓದಿದ ಮೇಲೆ. ಸಿಗದಿದ್ದರೆ ಇನ್ನೊಂದು ವರ್ಷ ಕಾಯುವುದು. ಏಜೆಂಟನಿಗೆ ಅಂದು ಮುಂಗಡ ಸಿಗಲಿಲ್ಲ.

ಮನೆ ಕೊಳ್ಳಲು ಹೊರಟವರಲ್ಲಿ ಒಂದು ವಿನಂತಿ. ದಸರೆಯ ಆಫರು, ಬೇಸಿಗೆಯ ಫೋಟೊ ನೋಡಿ ಮುಂಗಡ ಕೊಡಬೇಡಿ. ಜುಲೈ ಆಗಸ್ಟಿನ ಜೋರು ಮಳೆಯಲ್ಲಿ ಆ ಓಣಿಗೆ ಹೋಗಿ, ಬೆಳಗಿನ ಪಾಳಿಯ ಹೊತ್ತಿಗೊಮ್ಮೆ ರಾತ್ರಿ ಒಂಬತ್ತಕ್ಕೊಮ್ಮೆ ನಡೆಯಿರಿ, ಈಗ ಅಲ್ಲಿ ಬಾಡಿಗೆಗೆ ಇರುವ ಇಬ್ಬರನ್ನಾದರೂ ಮಾತಾಡಿಸಿ. ಉತಾರ ತೆಗೆಸುವುದು ಅದರ ಮರುದಿನದ ಕೆಲಸ.